ಕೆಂಪೆಣ್ಣೆಯ ಗಾಡಿ

ಪಾಪಯ್ಯನವರಿಗೆ ಆಗ ಐವತ್ತೆಂಟು ವರ್ಷ. ಅದರಲ್ಲಿ ಅರ್ಧದಷ್ಟನ್ನಾದರೂ ಅವರು ಮಲಗಿಕೊಂಡೇ ಕಳೆದಿದ್ದರು. ಸೋಮಾರಿತನದಿಂದಲ್ಲ, ಗಾಡಿಗಳ ಕೆಳಗೆ. ಬೆನ್ನಿಗೊಂದು ಗೋಣಿಚೀಲ, ಕಣ್ಣಿನ ಮೇಲೆ ಯಾರದೋ ಇಂಜಿನ್ನು, ಮೂಗಿನ ತುದಿಗೆ ಬೀಳಲು ಸಮಯ ಕಾಯುತ್ತಿರುವ ಎಣ್ಣೆಯ ಹನಿ. ಹೀಗೆ ಮಲಗಿದವರು ದಣಿವಾರಿಸಿಕೊಂಡು ಏಳುವುದಿಲ್ಲ, ದಣಿದು ಏಳುತ್ತಾರೆ. ಪಾಪಯ್ಯ ಏಳುವಾಗ ಮೊದಲು ಒಂದು ಮೊಣಕೈ, ಆಮೇಲೆ ಒಂದು ನಿಟ್ಟುಸಿರು, ಕೊನೆಗೆ ಪಾಪಯ್ಯ, ಈ ಕ್ರಮದಲ್ಲಿ ಹೊರಗೆ ಬರುತ್ತಿದ್ದರು.

ಕತ್ರಿಗುಪ್ಪೆಯ ಹೊಂಗೆಮರದ ಪಕ್ಕದಲ್ಲಿ ಅವರ ಶೆಡ್ಡು. ನಾಲ್ಕು ಕಂಬ, ಮೇಲೆ ತಗಡು, ಮಧ್ಯದಲ್ಲಿ ಗಾಡಿಯ ಕೆಳಗಿಳಿಯಲು ಒಂದು ಗುಂಡಿ. ಶೆಡ್ಡು ಪಾಪಯ್ಯನವರದು, ನೆಲ ಚಿಕ್ಕಬೈರಪ್ಪನವರದು. ಬನಶಂಕರಿಯ ಬಡಾವಣೆಗಳು ಒಂದನೇ ಹಂತ, ಎರಡನೇ ಹಂತ ಎಂದು ಹಂತಹಂತವಾಗಿ ಊರನ್ನು ನುಂಗುತ್ತ ಬಂದಾಗ ರಾಗಿ ಹೊಲಗಳನ್ನು ಬಿಟ್ಟುಕೊಟ್ಟು, ಮನೆಗಳನ್ನು ಕಟ್ಟಿಸಿ, ಬಾಡಿಗೆಗೆ ಕೊಟ್ಟು ದೊಡ್ಡವರಾದವರು ಅವರು. ಹೊಲದ ಅಂಚಿನ ಒಂದು ತುಂಡು ಮಾತ್ರ ಯಾರ ನಕ್ಷೆಯಲ್ಲೂ ಸರಿಯಾಗಿ ಕೂರದೆ ಉಳಿದುಬಿಟ್ಟಿತ್ತು. ಅದರಲ್ಲಿ ಪಾಪಯ್ಯ ಹನ್ನೊಂದು ವರ್ಷದಿಂದ ಕೂತಿದ್ದರು.

ಇಬ್ಬರೂ ಒಂದೇ ಊರಿನವರು, ಒಂದೇ ವಯಸ್ಸಿನವರು. ಒಂದೇ ಬೀದಿಯವರಲ್ಲ. ಪಾಪಯ್ಯನವರ ಅಪ್ಪ ಯಲ್ಲಯ್ಯ, ಚಿಕ್ಕಬೈರಪ್ಪನವರ ಅಪ್ಪನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದವರು. ಗೌಡರ ಜಗಲಿ ಕಣ್ಣಿಗೆ ಬಿದ್ದೊಡನೆ ಹೆಗಲ ಮೇಲಿನ ಟವೆಲು ಕಂಕುಳಿಗೆ ಇಳಿಯಬೇಕು, ಅದು ಆಗಿನ ರೂಢಿ. ಜಗಲಿಯ ಮೇಲೆ ನರಪಿಳ್ಳೆ ಇಲ್ಲದಿದ್ದರೂ ಯಲ್ಲಯ್ಯ ಟವೆಲು ಇಳಿಸುತ್ತಿದ್ದರು. ಮರ್ಯಾದೆ ಜಗಲಿಗೂ ಸಲ್ಲುತ್ತಿತ್ತು. ಇದನ್ನು ನೋಡುತ್ತಾ ಬೆಳೆದ ಪಾಪಯ್ಯ ಹೆಗಲಿಗೆ ಟವೆಲು ಹಾಕುವುದನ್ನೇ ಕಲಿಯಲಿಲ್ಲ. ಹಾಕಿದರೆ ತಾನೇ ಇಳಿಸುವ ಮಾತು? ಕೈ ಒರೆಸಿಕೊಳ್ಳಲು ಪ್ಯಾಂಟಿನ ಹಿಂಭಾಗ ಇತ್ತು.

ಚಿಕ್ಕಬೈರಪ್ಪನವರ ಹೆಗಲ ಕಥೆ ಬೇರೆ. ಹೊಲ ಹೋಗಿ ಮನೆಗಳು ಬಂದ ದಿನದಿಂದ ಆ ಹೆಗಲು ಜರಿ ಅಂಚಿನ ಬಿಳಿ ಶಲ್ಯವಿಲ್ಲದೆ ಹೊರಗೆ ಬಂದದ್ದಿಲ್ಲ. ಸ್ನಾನದ ಮನೆಗೂ ಹಾಕಿಕೊಂಡೇ ಹೋಗುತ್ತಾರೆಂದು ಅವರ ಬಾಡಿಗೆ ಮನೆಗಳ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಬಾಡಿಗೆ ಕೊಡುವವರಿಗೆ ಅಷ್ಟು ಹಕ್ಕಾದರೂ ಇರಬೇಕಲ್ಲ.

ಶಲ್ಯದ ಜೊತೆಗೆ ಕಾರೂ ಬೇಕಾಯಿತು. ಮೊದಲು ಒಂದು ಅಂಬಾಸಿಡರ್ ಕೊಂಡರು. ಎತ್ತಿನ ಗಾಡಿ ಹೊಡೆಯುವಾಗ ಎಡಗಾಲಿಗೆ ಕೆಲಸವಿರುವುದಿಲ್ಲ, ಅಂಬಾಸಿಡರಿನಲ್ಲಿ ಕ್ಲಚ್ಚಿದೆ. ಎಡಗಾಲು ಒಪ್ಪಲಿಲ್ಲ. ಬಡಾವಣೆಯ ನೀರಿನ ಟ್ಯಾಂಕಿನ ಕಾಂಪೌಂಡಿಗೆ ಎರಡು ಸಲ ಗುದ್ದಿದ ಮೇಲೆ ಅವರು ಗಾಡಿಯನ್ನೂ ಕಾಂಪೌಂಡನ್ನೂ ಸಮಾನವಾಗಿ ಬೈದು ಅಂಬಾಸಿಡರನ್ನು ಮಾರಿದರು. ಆಗಲೇ ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಯಾರೋ ಸಾಹುಕಾರರು ಒಂದು ಅಮೆರಿಕದ ಗಾಡಿ ಕೊಡುತ್ತಾರೆಂದು ತಿಳಿದದ್ದು. ಕ್ಲಚ್ಚಿಲ್ಲ, ಗೇರು ಹಾಕುವಂತಿಲ್ಲ, ಗಾಡಿ ತನ್ನ ಗೇರನ್ನು ತಾನೇ ಹಾಕಿಕೊಳ್ಳುತ್ತದೆ! ಚಿಕ್ಕಬೈರಪ್ಪನವರ ಎಡಗಾಲಿಗೆ ಕೊನೆಗೂ ನ್ಯಾಯ ಸಿಕ್ಕಿತು. ಆ ಗಾಡಿ ಬೀದಿಯಲ್ಲಿ ತಿರುಗಬೇಕಾದರೆ ಮೂರು ಮನೆಯವರು ಹೊರಗೆ ಬಂದು ತಮ್ಮ ತಮ್ಮ ತುಳಸಿಕಟ್ಟೆ ಕಾಯಬೇಕಿತ್ತು. ಊರಿನವರು ಅದನ್ನು ಹಡಗು ಎಂದರು.

ವರ್ಷ ತುಂಬುವುದರೊಳಗೆ ಹಡಗಿನ ಗೇರ್‌ಬಾಕ್ಸು ಕೈಕೊಟ್ಟಿತು. ನೋಡಿದ ಮೆಕ್ಯಾನಿಕ್ಕುಗಳೆಲ್ಲ ಕೈ ಮುಗಿದು, "ಇದನ್ನ ಬಿಚ್ಚೋದು ಬೇಡ ಸಾರ್, ಯಾರಿಗಾದ್ರೂ ಮಾರಿ" ಎಂದರು. ಪಾಪಯ್ಯ ಮಾತ್ರ ಬಿಚ್ಚಿದರು. ಚಿಕ್ಕವಯಸ್ಸಿನಲ್ಲಿ ಆರು ವರ್ಷ ದಂಡಿನ ಒಂದು ವರ್ಕ್‌ಶಾಪಿನಲ್ಲಿದ್ದಾಗ ಅಲ್ಲಿಯ ಆಂಗ್ಲೋ ಇಂಡಿಯನ್ ಫೋರ್‌ಮನ್ನಿನ ಜೊತೆ ಇಂಥ ಎರಡು ಬಾಕ್ಸುಗಳನ್ನು ಬಿಚ್ಚಿ ಕೂಡಿಸಿದ್ದರು. "ಆಗಲ್ಲ ಅನ್ನೋ ವಯಸ್ಸಲ್ಲಿ ಆಯ್ತದೆ ಅಂದ್ಬಿಟ್ಟೆ" ಎಂದು ಆಮೇಲೆ ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದರು.

ಎರಡು ತಿಂಗಳು ಹಿಡಿಯಿತು. ಕೆಲವು ಬಿಲ್ಲೆಗಳೂ ರಬ್ಬರುಗಳೂ ಮದರಾಸಿನ ಗುಜರಿಯಿಂದ ಬಂದವು. ಎಲ್ಲಿಯೂ ಸಿಗದ, ಬಳೆಯಂಥ ಒಂದು ಹಿತ್ತಾಳೆಯ ಬುಷ್ಷನ್ನು ಸಿದ್ದಾಪುರದ ಗಂಗಯ್ಯ ತಮ್ಮ ಲೇತಿನಲ್ಲಿ ಕಡೆದುಕೊಟ್ಟರು. ಒಂದೊಂದು ಚೂರನ್ನೂ ಪೆಟ್ರೋಲಿನಲ್ಲಿ ತೊಳೆದು, ಗಾಳಿಗೆ ಒಣಗಿಸಿ ಕೂಡಿಸಿದರು. ಬಟ್ಟೆ ಮುಟ್ಟಿಸಲಿಲ್ಲ. ಈ ಬಾಕ್ಸಿನ ಹತ್ತಿರ ಬಟ್ಟೆ ತಂದವನ ಕೈ ಮುರಿಯುತ್ತೇನೆ ಎಂದು ಫೋರ್‌ಮನ್ನು ಹೇಳಿದ್ದು ಮೂವತ್ತು ವರ್ಷವಾದರೂ ಅವರ ಕೈಗಳಿಗೆ ನೆನಪಿತ್ತು.

ಗಾಡಿ ಒಪ್ಪಿಸುವ ದಿನ ಬಾನೆಟ್ಟು ಎತ್ತಿ, ಎಣ್ಣೆ ಅಳೆಯುವ ಉದ್ದನೆಯ ಗೇಜು ಕಡ್ಡಿಯನ್ನು ಎಳೆದು ತೋರಿಸಿದರು.

"ಗೌಡ್ರೆ, ಇದು ಇಂಜಿನ್ ಎಣ್ಣೆ ಅಲ್ಲ, ಗೇರಿಂದು. ಹಿಂಗೆ ಕೆಂಪಗಿದ್ರೆ ಒಳಗೆಲ್ಲಾ ಚೆನ್ನಾಗೈತೆ ಅಂತ ಲೆಕ್ಕ."

"ಅಲಲಲಾ! ಒಳ್ಳೆ ದಾಸವಾಳದ ಬಣ್ಣ ಕಣ್ಲಾ ಪಾಪ. ಎಲ್ಲಾರ ಗಾಡೀಲೂ ಕರಿ ಎಣ್ಣೆ, ನಮ್ಮದ್ರಲ್ಲಿ ಕೆಂಪು!"

"ಹೂಂ ಗೌಡ್ರೆ" ಎಂದು ಪಾಪಯ್ಯ ಕಡ್ಡಿ ಒಳಗೆ ಹಾಕಿದರು. ಇನ್ನೊಂದು ಮಾತು ಹೇಳಬೇಕಿತ್ತು. ಬೆನ್ನು ನೋಯುತ್ತಿತ್ತು, ಹೇಳಲಿಲ್ಲ.

ಮೂರು ತಿಂಗಳು ಗಾಡಿ ಬೆಣ್ಣೆಯಲ್ಲಿ ಓಡಿದ ಹಾಗೆ ಓಡಿತು. ಆಮೇಲೆ ಒಂದು ಬುಧವಾರ ಹಡಗು ಹೊಂಗೆಮರದ ಹತ್ತಿರ ಬಂದು ನಿಂತಾಗ ಅದರ ಒಳಗಿನಿಂದ ಒಂದು ಸದ್ದು ಬರುತ್ತಿತ್ತು. ಸಣ್ಣ, ಉದ್ದನೆಯ, ಎಡೆಬಿಡದ ಕುಂಯ್‌ಗುಟ್ಟುವಿಕೆ. ಕಚೇರಿಗೆ ಮೊದಲು ಯಾರೋ ಶ್ರುತಿಪೆಟ್ಟಿಗೆ ಒತ್ತಿ, ಹಾಡುವವರು ಬಾರದೆ, ಒತ್ತುತ್ತಲೇ ಉಳಿದ ಹಾಗೆ.

ಚಿಕ್ಕಬೈರಪ್ಪ ಇಳಿದರು. ಶಲ್ಯ ಸರಿಮಾಡಿಕೊಂಡರು.

"ಏನ್ಲಾ ಇದು? ಗಾಡಿ ಅಳ್ತಾ ಐತೆ."

"ನೋಡ್ತೀನಿ ಗೌಡ್ರೆ."

"ನೋಡ್ತೀನಿ ಅಂದ್ರೆ ಆಗಾಕಿಲ್ಲ. ಭಾನುವಾರ ಆನೇಕಲ್‌ನಿಂದ ಬೀಗರು ಬತ್ತಾವ್ರೆ. ಅವ್ರ ಮುಂದೆ ಇದು ಹಿಂಗೆ ಅತ್ರೆ ನನ್ ಮರ್ವಾದೆ ಏನಾಗ್ಬೇಕು? ಭಾನುವಾರದೊಳಗೆ ಸದ್ದು ನಿಂತ್ರೆ ಸರಿ. ಇಲ್ಲಾಂದ್ರೆ ಸೋಮವಾರ ನಿನ್ ತಗಡು ಬಿಚ್ಕೊ. ನಮ್ ತಂಗಿ ಮಗ ಜಯಸಿಂಹ ಇಲ್ಲಿ ಸೀಮೆಎಣ್ಣೆ ಡಿಪೋ ಇಡ್ತೀನಿ ಅಂತ ಆರು ತಿಂಗಳಿಂದ ಬೆನ್ನತ್ತವ್ನೆ."

ಹೇಳಿ ನಡೆದುಕೊಂಡೇ ಮನೆಗೆ ಹೋದರು. ಪಾಪಯ್ಯ ತಗಡನ್ನು ಒಮ್ಮೆ ನೋಡಿದರು. ಹನ್ನೊಂದು ವರ್ಷದ ತುಕ್ಕು. ಬಿಚ್ಚಿದರೆ ಇನ್ನೊಂದು ಕಡೆ ಹಾಕುವಂತಿರಲಿಲ್ಲ. ಅವರ ಬೆನ್ನೂ ಅದೇ ಸ್ಥಿತಿಯಲ್ಲಿತ್ತು.

ಗುರುವಾರ ಬೆಳಗ್ಗೆ ಅವರು ಕೇಳುವ ಕೆಲಸ ಶುರುಮಾಡಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬಾಕ್ಸಿಗೆ ಆನಿಸಿ, ಮರದ ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿಕೊಂಡರು. ಇಂಥ ಹೊತ್ತಿನಲ್ಲಿ ಅನಂತರಾಮು ಬಾರದೆ ಇರುವುದುಂಟೆ?

ಅನಂತರಾಮು ಚಿಕ್ಕಬೈರಪ್ಪನವರ ಬಾಡಿಗೆದಾರರು. ಯಾವುದೋ ಕಾರ್ಖಾನೆಯ ನಕ್ಷೆ ವಿಭಾಗದಿಂದ ನಿವೃತ್ತರಾಗಿದ್ದರು; ಅವರ ನಿವೃತ್ತಿಯ ಸುದ್ದಿ ಅವರ ನಾಲಿಗೆಗೆ ಇನ್ನೂ ತಲುಪಿರಲಿಲ್ಲ. ಜೇಬಿನಲ್ಲಿ ಎರಡು ಪೆನ್ನು, ಮಾತಿನಲ್ಲಿ ಮುಖ್ಯ ಅತಿಥಿಗಳ ನಿಧಾನ.

"ನೋಡಪ್ಪಾ ಪಾಪಯ್ಯ, ಯಾವುದೇ ಸದ್ದಿಗೆ ಒಂದು ಮೂಲ ಇರುತ್ತೆ."

"ಹೌದು ಸಾರ್."

"ಆ ಮೂಲ ಕಂಡುಹಿಡಿದ್ರೆ ಸದ್ದು ನಿಲ್ಲುತ್ತೆ."

"ಹೌದು ಸಾರ್. ಸ್ವಲ್ಪ ಸುಮ್ನಿದ್ರೆ ಕಂಡುಹಿಡೀಬೋದು."

ಅನಂತರಾಮು ಬೇಸರಿಸಿಕೊಳ್ಳಲಿಲ್ಲ. ಮಣ್ಣಿನ ಮೇಲೆ ಕಡ್ಡಿಯಿಂದ ಗೇರ್‌ಬಾಕ್ಸಿನ ನಕ್ಷೆ ಬರೆಯತೊಡಗಿದರು. ನಕ್ಷೆ ಚೆನ್ನಾಗಿತ್ತು, ನೋಡಿದರೆ ಹಲಸಿನ ಹಣ್ಣನ್ನು ಹೆಚ್ಚಿದಂತೆ ಕಾಣುತ್ತಿತ್ತು.

ಪಾಪಯ್ಯ ತಮ್ಮ ದಾರಿಯಲ್ಲಿ ಹೋದರು. ಗಾಡಿ ನಿಂತಿದ್ದರೂ ಸದ್ದಿದೆ, ಹಾಗಾದರೆ ಚಕ್ರದ್ದಲ್ಲ. ಆಕ್ಸಿಲರೇಟರು ಒತ್ತಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಗೇರು ಯಾವುದರಲ್ಲಿದ್ದರೂ ಒಂದೇ ರಾಗ. ಇಂಜಿನ್ನು ತಿರುಗಿದಷ್ಟು ಹೊತ್ತೂ ತಿರುಗುವುದು ಬಾಕ್ಸಿನ ಮುಂಭಾಗದ ಎಣ್ಣೆ ಪಂಪು. ಸ್ಕ್ರೂಡ್ರೈವರನ್ನು ಮುಂದಕ್ಕೆ ಸರಿಸಿದರು. ಸದ್ದು ನೇರವಾಗಿ ಕಿವಿಯೊಳಗೆ ಬಂದು ಕೂತಿತು. ಪಂಪೇ.

ಪಂಪು ಹೀಗೆ ಕುಂಯ್‌ಗುಟ್ಟುವುದು ಎರಡೇ ಕಾರಣಕ್ಕೆ. ಒಂದು, ಅದಕ್ಕೆ ಎಣ್ಣೆ ಸಾಲದೆ ಇರಬೇಕು. ಕಡ್ಡಿ ಎಳೆದು ನೋಡಿದರು: ಎಣ್ಣೆ ಎಷ್ಟಿರಬೇಕೋ ಅಷ್ಟಿದೆ, ಕೆಂಪಗಿದೆ. ಇನ್ನೊಂದು, ಪಂಪು ಕೂತಿರುವ ಬುಷ್ಷು ಸವೆದಿರಬೇಕು.

ಗಂಗಯ್ಯನ ಲೇತಿನ ಬುಷ್ಷು. ಅದನ್ನು ಅಳತೆ ನೋಡಿ ಒಪ್ಪಿಕೊಂಡವರು ಪಾಪಯ್ಯನೇ. ಅವತ್ತು ಸಂಜೆಯಾಗಿತ್ತು, ಕಣ್ಣು ಉರಿಯುತ್ತಿತ್ತು, ಇನ್ನೊಂದು ಸಲ ಅಳೆಯೋಣವೆಂದುಕೊಂಡು ಅಳೆಯದೆ ಬಿಟ್ಟಿದ್ದರು. ಅದು ನೆನಪಾಗಿ ಅವರು ಚಕ್ರಕ್ಕೆ ಒರಗಿ ಕೂತುಬಿಟ್ಟರು. ಬುಷ್ಷು ಬದಲಿಸಬೇಕಾದರೆ ಬಾಕ್ಸನ್ನೇ ಇಳಿಸಬೇಕು. ಎರಡು ಮೂಟೆ ರಾಗಿಯ ಭಾರ. ಇಳಿಸಿ, ಬಿಚ್ಚಿ, ಹೊಸದು ಕಡೆಸಿ, ಕೂಡಿಸಿ, ಏರಿಸುವುದು ಭಾನುವಾರದೊಳಗೆ ಆಗುವ ಕೆಲಸವಲ್ಲ. ಇನ್ನೊಂದು ಭಾನುವಾರ ಕೊಟ್ಟರೂ ಈ ಬೆನ್ನಿಗೆ ಆಗುವ ಕೆಲಸವಲ್ಲ.

"ನಾನು ಹೇಳೋದೂ ಅದೇ" ಎಂದರು ಅನಂತರಾಮು, ಏನನ್ನೂ ಕೇಳಿಸಿಕೊಳ್ಳದೆ. "ಇಳಿಸಿಬಿಡು."

ಇಳಿಸುವ ಮುಂಚೆ ಒಂದು ಪರೀಕ್ಷೆ ಬಾಕಿಯಿತ್ತು. ರಾತ್ರಿಯೆಲ್ಲ ತಣ್ಣಗಿದ್ದ ಗಾಡಿಯನ್ನು ಬೆಳಗ್ಗೆ ಮೊದಲ ಸಲ ಚಾಲೂ ಮಾಡಿದಾಗ ಸದ್ದು ಹೇಗಿರುತ್ತದೆಂದು ಕೇಳಬೇಕು. ಅದಕ್ಕಾಗಿ ಗಾಡಿಯನ್ನು ಸಂಜೆ ಗೌಡರ ಮನೆಯಲ್ಲೇ ಬಿಟ್ಟುಬಂದು, ಶುಕ್ರವಾರ ಬೆಳಗ್ಗೆ ಅಲ್ಲಿಗೆ ಹೋದರು. ಗೌಡರು ಪೂಜೆಯಲ್ಲಿದ್ದರು. ಹಿತ್ತಿಲಿನ ಒಗೆಯುವ ಕಲ್ಲಿನ ಮುಂದೆ ಅವರ ಹೆಂಡತಿ ಗೌರಮ್ಮ ಶಲ್ಯ ಉಜ್ಜುತ್ತಿದ್ದರು. ಉಜ್ಜುವ ರಭಸ ನೋಡಿದರೆ ಶಲ್ಯದೊಳಗೆ ಗಂಡ ಇದ್ದಾನೇನೋ ಅನ್ನಿಸುತ್ತಿತ್ತು.

"ಬಾ ಪಾಪಣ್ಣ. ಕಾಫಿ ಕುಡೀತೀಯಾ?" ಎಂದು, ಕಾಂಪೌಂಡಿನ ಗೂಡಿನಲ್ಲಿ ಅವರಿಗೆಂದೇ ಇಟ್ಟಿದ್ದ ಲೋಟಕ್ಕೆ ಮೇಲಿನಿಂದ ಸುರಿದರು. "ನೋಡು ನಿಮ್ ಗೌಡ್ರ ಘನಂದಾರಿ ಕೆಲ್ಸಾನ. ಎಲೆಅಡಿಕೆ ಬಿಡಿ ಅಂತ ಡಾಕ್ಟ್ರು ಹೇಳಿ ವರ್ಷ ಆಯ್ತು. ಬಿಟ್ಟಿವ್ನಿ ಅಂತ ನನ್ ತಲೆ ಮುಟ್ಟಿ ಆಣೆ ಮಾಡವ್ರೆ. ಶಲ್ಯ ನೋಡು! ಎಲ್ಲೋ ಕದ್ದು ತಿಂದು, ಬಾಯಿ ಒರೆಸ್ಕೊಂಡು, ಏನೂ ಅರೀದೋರಂಗೆ ಬತ್ತಾರೆ. ದಿನಾ ಉಜ್ಜಿ ಉಜ್ಜಿ ನನ್ ರಟ್ಟೆ ಬಿದ್ದೋಯ್ತು."

ಪಾಪಯ್ಯ ನೋಡಿದರು. ಬಿಳಿ ಶಲ್ಯದ ಒಂದು ತುದಿಯ ತುಂಬ ಕೆಂಪು ಕಲೆಗಳು. ಲೋಟ ಕೆಳಗಿಟ್ಟು ಆ ತುದಿಯನ್ನು ಮೂಗಿನ ಹತ್ತಿರ ಹಿಡಿದರು.

"ಅಮ್ಮಾರೆ, ಇದು ಎಲೆಅಡಿಕೆ ಅಲ್ಲ."

"ಮತ್ತೆ?"

"ಗೇರ್ ಎಣ್ಣೆ."

ಗೌರಮ್ಮ ಉಜ್ಜುವುದನ್ನು ನಿಲ್ಲಿಸಿದರು. "ಗೇರ್ ಎಣ್ಣೇಲಿ ಯಾಕೆ ಬಾಯಿ ಒರೆಸ್ಕೊಂಡ್ರು?"

"ಬಾಯಿ ಅಲ್ಲ ಅಮ್ಮಾರೆ. ಗಾಡಿ ಬಾನೆಟ್ ಎತ್ತಿ ಒಂದು ಉದ್ದನೆ ಕಡ್ಡಿ ಏನಾದ್ರೂ ಎಳೀತಾರಾ?"

"ಅಯ್ಯೋ, ಅದನ್ನ ಕೇಳ್ಬೇಡ! ಬಂದೋರಿಗೆಲ್ಲಾ ಅದೇ ದರ್ಶನ. ಬಾಡಿಗೆ ಕೊಡಾಕೆ ಬಂದೋರಿಗೆ, ಪೋಸ್ಟಿನೋನಿಗೆ, ಮೊನ್ನೆ ಹಾಲಿನೋನಿಗೂ ತೋರ್ಸವ್ರೆ. ಒಂದ್ ಸಲ ಎಳೆಯೋದು, ಶಲ್ಯದಲ್ಲಿ ಫಳಫಳ ಅಂತ ಒರೆಸೋದು, ಒಳಗೆ ಅದ್ದೋದು, ಮತ್ತೆ ಎಳೆದು 'ನೋಡಿದ್ರಾ ಕೆಂಪು!' ಅನ್ನೋದು. ಹತ್ತು ಜನ ಬಂದ್ರೆ ಹತ್ತು ಸಲ." ಇಷ್ಟು ಹೇಳುವಷ್ಟರಲ್ಲಿ ಅವರಿಗೇ ಹೊಳೆಯಿತು. ಕಲೆಯನ್ನು ನೋಡಿದರು. "ಹಂಗಾರೆ ಅವ್ರು ಪಾಪ, ಎಲೆಅಡಿಕೆ ನಿಜವಾಗ್ಲೂ ಬಿಟ್ಟವ್ರಾ!"

ಪಾಪಯ್ಯ ಶಲ್ಯದ ಅಂಚನ್ನು ನೋಡುತ್ತಿದ್ದರು. ಒಂದು ಗೇಣಿನಷ್ಟು ಜರಿ ಮಾಯವಾಗಿತ್ತು, ಪಕ್ಕದ ಹತ್ತಿಯ ಎಳೆಗಳೆಲ್ಲ ಎದ್ದು ನಿಂತಿದ್ದವು. ಕಾಫಿ ಅಲ್ಲೇ ತಣ್ಣಗಾಯಿತು.

ಮಧ್ಯಾಹ್ನ ಗಾಡಿ ಗುಂಡಿಯ ಮೇಲೆ ನಿಂತಿತ್ತು. ಬಾಕ್ಸನ್ನು ಇಳಿಸುತ್ತಾರೆಂದು ಸುದ್ದಿ ಹಬ್ಬಿ ಏಳೆಂಟು ಜನ ಸೇರಿದ್ದರು. ಮರದ ನೆರಳಿನ ಕುರ್ಚಿಯಲ್ಲಿ ಇನ್ನೊಂದು ಜರಿ ಶಲ್ಯದ ಚಿಕ್ಕಬೈರಪ್ಪ, ಅವರ ಪಕ್ಕದಲ್ಲಿ ಅನಂತರಾಮು. ಪಾಪಯ್ಯ ಬಾಕ್ಸು ಇಳಿಸಲಿಲ್ಲ. ಎಣ್ಣೆ ಬಸಿದು, ಬಾಕ್ಸಿನ ತಳದ ತಟ್ಟೆಯನ್ನಷ್ಟೇ ಬಿಚ್ಚಿ, ಒಳಗಿನ ಸಣ್ಣ ಜಾಲರಿಯನ್ನು ಕೈಗೆ ತೆಗೆದುಕೊಂಡರು. ಪಂಪು ಎಣ್ಣೆ ಎಳೆದುಕೊಳ್ಳುವುದು ಇದರ ಮೂಲಕವೇ. ಜಾಲರಿಯ ಕಣ್ಣೇ ಕಾಣುತ್ತಿರಲಿಲ್ಲ. ಎಳೆಗಳು ಹೆಣೆದುಕೊಂಡು, ಒದ್ದೆ ಕಂಬಳಿಯ ತುಂಡಿನಂತೆ ಮೆತ್ತಿಕೊಂಡಿದ್ದವು. ಎಣ್ಣೆ ತುಂಬಾ ಇತ್ತು, ಪಂಪಿಗೆ ಮಾತ್ರ ಸಿಗುತ್ತಿರಲಿಲ್ಲ. ಬಾಯಿಗೆ ಬಟ್ಟೆ ತುರುಕಿದರೆ ಯಾರಾದರೂ ಕುಂಯ್‌ಗುಟ್ಟುತ್ತಾರೆ.

ಅನಂತರಾಮು ಬಗ್ಗಿ ಇಣುಕಿದರು. ಜಾಲರಿಯ ಮೇಲೆ ಅಲ್ಲಲ್ಲಿ ಏನೋ ಹೊಂಬಣ್ಣದಲ್ಲಿ ಮಿನುಗಿತು.

"ಅಗೋ! ಲೋಹದ ಚೂರು! ಹಿತ್ತಾಳೆ! ನಾನು ಹೇಳ್ಲಿಲ್ವಾ ಬೈರಪ್ನೋರೆ? ಬುಷ್ ಸವೆದುಹೋಗಿದೆ. ಕೆಲಸ ಕೆಟ್ಟಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?"

ಸೇರಿದ್ದವರು ನಾಲಿಗೆ ಲೊಚಗುಟ್ಟಿದರು. ಚಿಕ್ಕಬೈರಪ್ಪ ಕುರ್ಚಿಯಿಂದ ಎದ್ದರು. "ಅಂಗಾದ್ರೆ ಮುಗೀತು ಬಿಡ್ಲಾ ಪಾಪ. ಸೋಮವಾರ ತಗಡು ಬಿಚ್ಕೊ."

ಗುಂಡಿಯೊಳಗಿನಿಂದ ಪಾಪಯ್ಯ ಮೇಲೆ ನೋಡಿದರು. ಹೇಳಿದರೆ ಒಂದೇ ವಾಕ್ಯ. ಆದರೆ ಎಂಟು ಜನರ ಮುಂದೆ ಗೌಡರ ಶಲ್ಯದ ಮೇಲೆ ಆ ವಾಕ್ಯ ಹೇಳಿದ ಮೇಲೆ ಸೋಮವಾರದವರೆಗೆ ಯಾರೂ ಕಾಯುವುದಿಲ್ಲ, ತಗಡು ಇವತ್ತೇ ಬಿಚ್ಚುತ್ತದೆ.

"ಗೌಡ್ರೆ, ಒಂದ್ ನಿಮಿಷ ಕೆಳಗೆ ಬನ್ನಿ."

"ಎಲ್ಲಿಗೆ? ಗುಂಡಿಗಾ?"

"ಇದನ್ನ ತಾವೇ ನೋಡ್ಬೇಕು. ಬೇರೆಯೋರ್ಗೆ ಗೊತ್ತಾಗಾಕಿಲ್ಲ."

ಬೇರೆಯವರಿಗೆ ಗೊತ್ತಾಗದ ವಿಷಯವೆಂದರೆ ಚಿಕ್ಕಬೈರಪ್ಪ ಎಲ್ಲಿಗಾದರೂ ಇಳಿಯುವವರು. ಪಂಚೆ ಎತ್ತಿ ಕಟ್ಟಿಕೊಂಡು, ಏದುಸಿರು ಬಿಡುತ್ತಾ ಮೆಟ್ಟಿಲಿಳಿದರು. ಗಾಡಿಯ ಕೆಳಗಿನ ಎಣ್ಣೆ ವಾಸನೆಯ ಮಬ್ಬಿನಲ್ಲಿ ಒಂದೇ ವಯಸ್ಸಿನ ಇಬ್ಬರು ತಲೆ ತಗ್ಗಿಸಿ ಎದುರುಬದುರು ನಿಂತರು. ಪಾಪಯ್ಯ ಜಾಲರಿಯಿಂದ ಒಂದು ಹೊಂಬಣ್ಣದ ಎಳೆಯನ್ನು ಉಗುರಿನಲ್ಲಿ ಬಿಡಿಸಿದರು. ಅದನ್ನು ಗೌಡರ ಹೆಗಲ ಶಲ್ಯದ ಅಂಚಿನ ಪಕ್ಕ ಹಿಡಿದರು.

ಚಿಕ್ಕಬೈರಪ್ಪ ಎಳೆಯನ್ನು ನೋಡಿದರು, ಅಂಚನ್ನು ನೋಡಿದರು. ಮೇಲೆ ಅನಂತರಾಮು ಹಿತ್ತಾಳೆಯ ಗುಣಗಳ ಬಗ್ಗೆ ಮಾತಾಡುತ್ತಿದ್ದುದು ಕೇಳಿಸಿತು.

"ಕಡ್ಡಿ ಒರೆಸ್ದಾಗ್ಲೆಲ್ಲಾ ಎಳೆ ಅಂಟ್ಕೊಂಡು ಒಳಗೆ ಹೋಗೈತೆ" ಎಂದರು ಪಾಪಯ್ಯ ಮೆಲ್ಲಗೆ. "ಬಟ್ಟೆ ಸೋಕಿಸ್ಬೇಡಿ ಅಂತ ಅವತ್ತೇ ಹೇಳ್ಬೇಕಾಗಿತ್ತು. ನಾನು ಹೇಳ್ಲಿಲ್ಲ."

ಮುಳುಗುತ್ತಿದ್ದವರಿಗೆ ಹಗ್ಗ ಸಿಕ್ಕಿತು. "ನೋಡ್ದಾ! ಅಂಗಾದ್ರೆ ತಪ್ಪು ನಿಂದೇ!"

"ಅರ್ಧ ನಂದು ಗೌಡ್ರೆ."

"ಮುಕ್ಕಾಲು."

ಪಾಪಯ್ಯನವರಿಗೆ ಚೌಕಾಸಿ ಮಾಡುವಷ್ಟು ತ್ರಾಣವಿರಲಿಲ್ಲ. "ಆಗ್ಲಿ. ಶೆಡ್ಡು?"

ಚಿಕ್ಕಬೈರಪ್ಪ ಒಂದು ಸಲ ಕೆಮ್ಮಿದರು. "ಇರ್ಲಿ ಬಿಡು. ಜಯಸಿಂಹನಿಗೆ ಬೇರೆ ಎಲ್ಲಾದ್ರೂ ನೋಡಾನ. ಮೇಲೆ ಬಾಯಿ ಬಿಡ್ಬೇಡ."

ಮೇಲೆ ಬಾಯಿ ಬಿಟ್ಟವರು ಚಿಕ್ಕಬೈರಪ್ಪನೇ. ಗುಂಡಿಯಿಂದ ತಲೆ ಹೊರಗೆ ಬಂದದ್ದೇ ತಡ, "ಏನಿಲ್ಲ ಕಣ್ರಯ್ಯಾ, ಒಳಗೆ ಕಸ ಸಿಕ್ಕಾಕ್ಕೊಂಡಿತ್ತು. ನಾನು ನೋಡ್ದೇಟ್ಗೆ ಹೇಳ್ದೆ" ಎಂದರು. ಅನಂತರಾಮು "ಆದ್ರೆ ಹಿತ್ತಾಳೆ..." ಎಂದು ಶುರುಮಾಡಿದರು. ಪಾಪಯ್ಯ ಜಾಲರಿಯನ್ನು ಪೆಟ್ರೋಲಿನ ಡಬ್ಬಿಯಲ್ಲಿ ಮುಳುಗಿಸಿಯಾಗಿತ್ತು.

ಜಾಲರಿ ತೊಳೆದು ಗಾಳಿಗೆ ಆರಿಸಿ, ತಟ್ಟೆ ಮುಚ್ಚಿ, ಹೊಸ ಕೆಂಪೆಣ್ಣೆ ಹಾಕಿದರು. ಶನಿವಾರ ಮಧ್ಯಾಹ್ನ ಗಾಡಿ ಚಾಲೂ ಮಾಡಿದಾಗ ಹೊಂಗೆಮರದ ಕಾಗೆಗಳ ಸದ್ದಷ್ಟೇ ಕೇಳಿಸಿತು. ಪಾಪಯ್ಯ ಆದರೂ ಸ್ಕ್ರೂಡ್ರೈವರು ಹಚ್ಚಿ ಬಹಳ ಹೊತ್ತು ಕೇಳಿದರು. ಬುಷ್ಷಿನ ಜಾಗದಲ್ಲಿ ಏನೂ ಇಲ್ಲ. ಅವತ್ತಿನ ಸಂಜೆಯ ಅಳತೆ ಸರಿಯಾಗಿಯೇ ಇತ್ತು. ಕಿವಿಯಿಂದ ಹಿಡಿ ತೆಗೆದು ಗೋಣಿಚೀಲದ ಮೇಲೆ ಹಾಗೇ ಮಲಗಿದರು. ಗಾಡಿಯ ಕೆಳಗಲ್ಲ, ಪಕ್ಕದಲ್ಲಿ.

ಭಾನುವಾರ ಹನ್ನೊಂದು ಗಂಟೆಗೆ ಹಡಗು ಸದ್ದಿಲ್ಲದೆ ಬಂದು ಶೆಡ್ಡಿನ ಮುಂದೆ ನಿಂತಿತು. ಹಿಂದಿನ ಸೀಟಿನಿಂದ ಆನೇಕಲ್ಲಿನ ಬೀಗರು ಮೂವರು ಇಳಿದರು. ಕೆಂಪೆಣ್ಣೆ ತೋರಿಸದೆ ಬೀಗರನ್ನು ಕಳಿಸುವುದು ಹೇಗೆ? ತಾವೇ ತೋರಿಸೋಣವೆಂದರೆ ಕೈ ನೇರ ಶಲ್ಯಕ್ಕೇ ಹೋಗುತ್ತದೆ. ಚಿಕ್ಕಬೈರಪ್ಪ ಯೋಚಿಸಿ ದಾರಿ ಕಂಡುಕೊಂಡಿದ್ದರು.

"ಪಾಪಣ್ಣಾ" ಎಂದು ಕರೆದರು. ಆ ಹೆಸರಿಗೆ ಅವರ ಬಾಯಲ್ಲಿ 'ಅಣ್ಣ' ಸೇರಿದ್ದು ಅದೇ ಮೊದಲು. "ನಮ್ ಬೀಗರಿಗೆ ಆ ಎಣ್ಣೆ ಸ್ವಲ್ಪ ತೋರ್ಸು. ಇದನ್ನ ಎಲ್ಲಾರೂ ಮುಟ್ಟಂಗಿಲ್ಲ ಬೀಗರೆ. ಇದಕ್ಕೇ ಅಂತ ಆಳು ಮಡಗಿವ್ನಿ."

ಅಂದರೆ ಶೆಡ್ಡು ಉಳಿದದ್ದು ಇದಕ್ಕೆ. ಇನ್ನು ಮೇಲೆ ಬರುವ ನೆಂಟರು, ಬಾಡಿಗೆದಾರರು, ಪೋಸ್ಟಿನವನು, ಹಾಲಿನವನು, ಎಲ್ಲರ ಸಾಲು ಪಾಪಯ್ಯನವರ ಕಣ್ಣ ಮುಂದೆ ಹಾದುಹೋಯಿತು. ಅವರು ನಿಟ್ಟುಸಿರಿಟ್ಟು, ಮೊಣಕೈ ಊರಿ ಎದ್ದು ಬಂದು ಬಾನೆಟ್ಟು ಎತ್ತಿದರು. ಕಡ್ಡಿ ಎಳೆದು, ತೊಳೆದ ಎರಡು ಬೆರಳುಗಳ ನಡುವೆ ಸವರಿ, ಒಳಗೆ ಅದ್ದಿ, ಮತ್ತೆ ಎತ್ತಿ ಹಿಡಿದರು.

"ಅಬ್ಬಾ, ಏನು ಕೆಂಪು!" ಎಂದರು ಬೀಗರು.

ಪಾಪಯ್ಯ ಓರೆಗಣ್ಣಿನಲ್ಲಿ ಚಿಕ್ಕಬೈರಪ್ಪನವರ ಕಡೆ ನೋಡಿದರು. ಕಡ್ಡಿಯ ಹತ್ತಿರ ಎಳೆ ಬಿದ್ದೀತೆಂಬ ಭಯದಲ್ಲಿ ಗೌಡರು ಎರಡು ಹೆಜ್ಜೆ ಹಿಂದೆ ಸರಿದಿದ್ದರು. ಜರಿ ಶಲ್ಯ ಹೆಗಲಿನಿಂದ ಇಳಿದು, ನಾಲ್ಕು ಮಡಿಕೆಯಾಗಿ, ಅವರ ಎಡಗಂಕುಳಲ್ಲಿ ಭದ್ರವಾಗಿ ಕೂತಿತ್ತು.

ಎಣ್ಣೆ ಎಷ್ಟಿರಬೇಕೋ ಅಷ್ಟೇ ಇತ್ತು. ಬಾನೆಟ್ಟು ಮುಚ್ಚಬಹುದಿತ್ತು, ಬೆನ್ನೂ ಅದನ್ನೇ ಹೇಳುತ್ತಿತ್ತು.

"ತಾಳಿ ಗೌಡ್ರೆ" ಎಂದರು ಪಾಪಯ್ಯ, ಕಡ್ಡಿಯನ್ನು ನಿಧಾನವಾಗಿ ಮತ್ತೆ ಒಳಗೆ ಇಳಿಸುತ್ತಾ. "ಇನ್ನೊಂದ್ ಸಲ ನೋಡ್ಬಿಡಾನ."